ಸಹಿಯಿಲ್ಲದ ವಕಾಲತ್ತು

2011ರ ಅಕ್ಟೋಬರಿನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಫೆಡರಲ್ ನ್ಯಾಯಾಲಯದಲ್ಲಿ ಐವರು ಅರ್ಜಿದಾರರ ಹೆಸರಿನಲ್ಲಿ ಒಂದು ದಾವೆ ದಾಖಲಾಯಿತು. ಟಿಲಿಕಮ್, ಕಟೀನಾ, ಕಾರ್ಕಿ, ಕಸಾಟ್ಕಾ, ಯುಲಿಸಿಸ್. ಐವರೂ ಸೀವರ್ಲ್ಡ್ ಕಂಪನಿಯ ಕೊಳಗಳಲ್ಲಿ ಪ್ರೇಕ್ಷಕರೆದುರು ಕಸರತ್ತು ಮಾಡುತ್ತಿದ್ದ ಓರ್ಕಾ ತಿಮಿಂಗಿಲಗಳು. ಅವುಗಳ ಪರವಾಗಿ ದಾವೆ ಹೂಡಿದ್ದು ಪ್ರಾಣಿಹಕ್ಕುಗಳ ಸಂಸ್ಥೆ ಪೆಟಾ. ಅಮೆರಿಕದ ಸಂವಿಧಾನದ 13ನೇ ತಿದ್ದುಪಡಿ ಗುಲಾಮಗಿರಿ ಇರಕೂಡದು ಎಂದು ಹೇಳುತ್ತದೆ, ಮನುಷ್ಯರ ಗುಲಾಮಗಿರಿ ಮಾತ್ರ ಎಂದು ಎಲ್ಲೂ ಹೇಳಿಲ್ಲ, ಆದ್ದರಿಂದ ಈ ಐವರೂ ಗುಲಾಮರೇ ಎಂಬುದು ವಾದ. ನಾಲ್ಕೇ ತಿಂಗಳಲ್ಲಿ ನ್ಯಾಯಾಧೀಶ ಜೆಫ್ರಿ ಮಿಲ್ಲರ್ ಅದನ್ನು ವಜಾ ಮಾಡಿದರು. ಆ ತಿದ್ದುಪಡಿ ಮನುಷ್ಯರಿಗಷ್ಟೇ ಅನ್ವಯ ಎಂದರು.

ದಾವೆ ಬಿದ್ದುಹೋಯಿತು, ಅದರ ಬೆನ್ನಿಗಿದ್ದ ವಿಚಾರ ಮಾತ್ರ ದಿನೇದಿನೇ ಗಟ್ಟಿಯಾಗುತ್ತಿದೆ. ಮೊದಲು ಗುಲಾಮರು, ಆಮೇಲೆ ಹೆಂಗಸರು, ಆಮೇಲೆ ಕರಿಯರು, ದಲಿತರು, ಸಲಿಂಗಿಗಳು; ಒಬ್ಬರ ಹಿಂದೊಬ್ಬರಂತೆ ನೈತಿಕತೆಯ ವೃತ್ತದೊಳಕ್ಕೆ ಬಂದಿದ್ದಾರೆ, ಇನ್ನು ಪ್ರಾಣಿಗಳ ಸರದಿ ಎಂಬುದು ಆ ವಿಚಾರ. ಪೀಟರ್ ಸಿಂಗರ್ ಅವರ 1975ರ ‘ಅನಿಮಲ್ ಲಿಬರೇಷನ್’ ಶುರುವಾಗುವುದೇ ಇಲ್ಲಿಂದ. 1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಹೆಣ್ಣಿನ ಹಕ್ಕುಗಳನ್ನು ಸಮರ್ಥಿಸಿ ಪುಸ್ತಕ ಬರೆದಾಗ ಥಾಮಸ್ ಟೇಲರ್ ಎಂಬ ಪಂಡಿತ ಅದನ್ನು ಅಣಕಿಸಿ ಪಶುಗಳ ಹಕ್ಕುಗಳ ಸಮರ್ಥನೆಯೊಂದನ್ನು ಅಚ್ಚು ಹಾಕಿಸಿದ. ಹೆಂಗಸಿಗೆ ಹಕ್ಕು ಕೊಟ್ಟರೆ ನಾಳೆ ನಾಯಿ, ಕುದುರೆಗೂ ಕೊಡಬೇಕಾದೀತು ಎಂಬುದು ಅವನ ಕುಹಕ. ಅಂದಿನ ಕುಹಕವೇ ಇಂದಿನ ನ್ಯಾಯ ಎಂದು ಸಿಂಗರ್ ಅದನ್ನು ತಿರುಗಿಸಿ ನಿಲ್ಲಿಸಿದರು. ಜಾಣ ಪಟ್ಟು, ಸಂಶಯವಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಯಿಂದ ಪತ್ರಿಕೆಯ ಅಂಕಣದವರೆಗೆ ಈಗ ಇದೇ ಮಾತು ಸುತ್ತುತ್ತಿದೆ. ಒಪ್ಪದವನು ಇತಿಹಾಸದ ಎದುರು ನಿಂತ ಜಮೀನ್ದಾರನಂತೆ ಕಾಣುತ್ತಾನೆ.

ಪ್ರಾಣಿಗಳ ನೋವು ನಿಜ, ಅದನ್ನು ತಡೆಯುವ ಹೊಣೆಯೂ ನಿಜ. ಸರದಿಯ ಕಥೆ ಮಾತ್ರ ಸುಳ್ಳು. ಅದು ಗುಲಾಮರಿಗೂ ಹೆಂಗಸರಿಗೂ ದಲಿತರಿಗೂ ಅನ್ಯಾಯ ಮಾಡುತ್ತದೆ. ಅಷ್ಟು ಮಾಡಿಯೂ ಕೋಳಿಗೊಂದು ಕಾಳಿನಷ್ಟು ಉಪಕಾರ ಮಾಡುವುದಿಲ್ಲ.

ಮೊದಲು ತಾರೀಖುಗಳನ್ನೇ ನೋಡಬಹುದು. ದನ, ಕುದುರೆಗಳನ್ನು ಹಿಂಸಿಸುವುದು ಅಪರಾಧ ಎಂಬ ಕಾನೂನನ್ನು ರಿಚರ್ಡ್ ಮಾರ್ಟಿನ್ ಬ್ರಿಟಿಷ್ ಸಂಸತ್ತಿನಲ್ಲಿ ಪಾಸು ಮಾಡಿಸಿದ್ದು 1822ರಲ್ಲಿ. ಅದೇ ಸಂಸತ್ತು ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದು ಮಾಡಿದ್ದು 1833ರಲ್ಲಿ. ಲಂಡನ್ನಿನ ಗಾಡಿಕುದುರೆಗೆ ಸಿಕ್ಕ ರಕ್ಷಣೆಗಾಗಿ ಜಮೈಕಾದ ಕಬ್ಬಿನ ಗದ್ದೆಯ ಮನುಷ್ಯ ಇನ್ನೂ ಹನ್ನೊಂದು ವರ್ಷ ಕಾಯಬೇಕಾಯಿತು. ಹೆಂಗಸರೆಲ್ಲರಿಗೂ ಗಂಡಸರಷ್ಟೇ ಮತದ ಹಕ್ಕು ಬರುವ ಹೊತ್ತಿಗೆ 1928.

ನ್ಯೂಯಾರ್ಕಿನ ಕಥೆ ಇನ್ನೂ ವಿಚಿತ್ರ. ಹೆನ್ರಿ ಬರ್ಗ್ ಅಲ್ಲಿ ಪ್ರಾಣಿಹಿಂಸೆ ತಡೆಯುವ ಸಂಘ ಕಟ್ಟಿದ್ದು 1866ರಲ್ಲಿ. 1874ರಲ್ಲಿ ಮೇರಿ ಎಲೆನ್ ಎಂಬ ಪುಟ್ಟ ಹುಡುಗಿಯನ್ನು ಸಾಕುತಾಯಿ ದಿನವೂ ಬಡಿಯುತ್ತಿದ್ದುದನ್ನು ಕಂಡ ಎಟ್ಟಾ ವೀಲರ್ ಎಂಬಾಕೆ ಎಲ್ಲೂ ನೆರವು ಸಿಗದೆ ಕೊನೆಗೆ ಬಂದದ್ದು ಈ ಬರ್ಗ್ ಬಳಿಗೆ. ಮಗುವೂ ಒಂದು ಪ್ರಾಣಿಯೇ ಎಂದು ಕೋರ್ಟಿನಲ್ಲಿ ವಾದಿಸಿ ಗೆದ್ದರು ಎಂಬುದು ಆಮೇಲೆ ಹುಟ್ಟಿದ ದಂತಕಥೆ, ಹಾಗೇನೂ ನಡೆಯಲಿಲ್ಲ. ಆದರೆ ಕುದುರೆಗಳಿಗೆ ಸಂಘವಿದ್ದ ಆ ಊರಿನಲ್ಲಿ ಮಕ್ಕಳಿಗೆ ಸಂಘವಿರಲಿಲ್ಲ ಎಂಬುದಂತೂ ದಿಟ. ಮಕ್ಕಳ ಸಂಘ ಹುಟ್ಟಿದ್ದು ಆ ಪ್ರಕರಣದ ನಂತರವೇ.

ಮಹಾರಾಷ್ಟ್ರದ ಮಹಾಡದ ಕೆರೆಗೆ ಬರುವಾಗ ಕಥೆ ಕ್ರೂರವಾಗುತ್ತದೆ. ಚವದಾರ ಕೆರೆಯಲ್ಲಿ ದನಕರು ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. ಪುರಸಭೆ 1924ರಲ್ಲೇ ಕೆರೆಯನ್ನು ಎಲ್ಲರಿಗೂ ತೆರೆದಿತ್ತು, ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅದಕ್ಕೆ ಪ್ರತಿಯಾಗಿ ಏಟು ಬಿತ್ತು, ಕೆರೆಯ ಶುದ್ಧೀಕರಣವೂ ನಡೆಯಿತು. ಬಾಂಬೆ ಹೈಕೋರ್ಟು ಅವರ ಪರ ತೀರ್ಪು ಕೊಟ್ಟದ್ದು 1937ರಲ್ಲಿ. ಇಲ್ಲಿ ಸರದಿಯಲ್ಲಿ ಮುಂದೆ ಯಾರಿದ್ದರು, ಹಿಂದೆ ಯಾರಿದ್ದರು?

ಜರ್ಮನಿಯ ಉದಾಹರಣೆಯನ್ನು ಎತ್ತಿದರೆ ಪ್ರಾಣಿಪ್ರಿಯರಿಗೆ ಸಿಟ್ಟು ಬರುತ್ತದೆ, ಬರಲೂಬೇಕು. ಪ್ರಾಣಿಯನ್ನು ಪ್ರೀತಿಸುವವರೆಲ್ಲ ನಾಜಿಗಳೆಂದು ಹೇಳುವ ಕಿಡಿಗೇಡಿಗಳಿಗೆ ಕೊರತೆಯಿಲ್ಲ. ಆದರೂ ಸಂಗತಿ ಸಂಗತಿಯೇ. ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ, 1933ರ ಏಪ್ರಿಲ್‌ನಲ್ಲಿ, ಹಿಟ್ಲರನ ಸರ್ಕಾರ ಯಹೂದಿಗಳ ವಿಧಿಬದ್ಧ ಪ್ರಾಣಿವಧೆಯನ್ನು ನಿಷೇಧಿಸಿತು; ನವೆಂಬರಿನಲ್ಲಿ ಆ ಕಾಲಕ್ಕೆ ಬಹಳ ಮುಂದುವರಿದದ್ದೆನ್ನಬಹುದಾದ ಪ್ರಾಣಿರಕ್ಷಣಾ ಕಾನೂನನ್ನು ತಂದಿತು. 1942ರಲ್ಲಿ ಅದೇ ಸರ್ಕಾರ ಯಹೂದಿಗಳು ಸಾಕುಪ್ರಾಣಿ ಇಟ್ಟುಕೊಳ್ಳಬಾರದೆಂದು ಆಜ್ಞೆ ಹೊರಡಿಸಿತು. ಡ್ರೆಸ್ಡೆನ್ನಿನ ವಿದ್ವಾಂಸ ವಿಕ್ಟರ್ ಕ್ಲೆಂಪರರ್ ದಂಪತಿ ತಮ್ಮ ಬೆಕ್ಕನ್ನು ಸರ್ಕಾರದ ಕೈಗೊಪ್ಪಿಸುವ ಬದಲು ತಾವೇ ಪಶುವೈದ್ಯರ ಬಳಿ ಒಯ್ದು ಸಾಯಿಸಿದ್ದು ಅವರ ದಿನಚರಿಯಲ್ಲಿದೆ. ಪ್ರಾಣಿದಯೆ ಎಂಬುದು ಮನುಷ್ಯದಯೆಯ ಮುಂದಿನ ಮೆಟ್ಟಿಲಾಗಿದ್ದರೆ ಈ ದೇಶ ಕೆಳಗಿನ ಮೆಟ್ಟಿಲುಗಳನ್ನೆಲ್ಲ ಒಡೆದುಹಾಕಿ ಮೇಲಿನದರ ಮೇಲೆ ಹೇಗೆ ನಿಂತಿತ್ತು?

ಹೋಲಿಕೆಯ ಒಳಗೇ ಇರುವ ಮುಳ್ಳು ಇದಕ್ಕಿಂತ ಆಳದ್ದು. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರ ತಮ್ಮ ಆತ್ಮಕಥೆಯಲ್ಲಿ ಯಜಮಾನ ಸತ್ತ ಮೇಲೆ ಆಸ್ತಿಗೆ ಬೆಲೆ ಕಟ್ಟಿದ ದಿನವನ್ನು ವರ್ಣಿಸಿದ್ದಾರೆ. ಗಂಡಸರು, ಹೆಂಗಸರು, ಮಕ್ಕಳು, ಕುದುರೆ, ಕುರಿ, ಹಂದಿ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿ ಒಂದೇ ಬಗೆಯಲ್ಲಿ ಮೈ ತಡವಿ ನೋಡಿದರು. ಗುಲಾಮಗಿರಿ ಗುಲಾಮನನ್ನೂ ಯಜಮಾನನನ್ನೂ ಹೇಗೆ ಮೃಗವಾಗಿಸುತ್ತದೆ ಎಂಬುದು ತನಗೆ ಎಂದಿಗಿಂತ ಸ್ಪಷ್ಟವಾಗಿ ಕಂಡದ್ದು ಅಲ್ಲಿ ಎನ್ನುತ್ತಾರೆ. ಪ್ರಾಣಿಯೊಂದಿಗೆ ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ಆ ಗಾಯ. ಮಹಾಡದ ಕೆರೆಯಲ್ಲೂ ಅದೇ ಗಾಯ, ಅಷ್ಟೇ ಅಲ್ಲ, ಪ್ರಾಣಿಗಿಂತಲೂ ಒಂದು ಹೆಜ್ಜೆ ಕೆಳಗೆ.

ಈ ಗಾಯದ ಮೇಲೆ 2005ರಲ್ಲಿ ಪೆಟಾ ಒಂದು ಸಂಚಾರಿ ಪ್ರದರ್ಶನ ಹಾಕಿತು. ಪ್ರಾಣಿಗಳು ಈಗಿನ ಗುಲಾಮರೇ ಎಂಬ ಪ್ರಶ್ನೆಯೊಂದಿಗೆ, ನೇಣಿಗೆ ಬಿದ್ದ ಕರಿಯರ ಚಿತ್ರದ ಪಕ್ಕದಲ್ಲಿ ಕಸಾಯಿಖಾನೆಯ ಚಿತ್ರ. ಕರಿಯರ ಹಕ್ಕುಗಳ ಹಳೆಯ ಸಂಸ್ಥೆ ಎನ್‌ಎಎಸಿಪಿ ಕೆರಳಿತು. ಅದಕ್ಕೂ ಎರಡು ವರ್ಷ ಮೊದಲು ಇದೇ ಪೆಟಾ ನಾಜಿ ಶಿಬಿರಗಳ ಚಿತ್ರಗಳನ್ನು ಕೋಳಿಫಾರಂ ಚಿತ್ರಗಳ ಜೊತೆ ಜೋಡಿಸಿತ್ತು. ಜರ್ಮನಿಯ ನ್ಯಾಯಾಲಯಗಳು ಅಲ್ಲಿ ಆ ಭಿತ್ತಿಚಿತ್ರಗಳಿಗೆ ತಡೆ ಹಾಕಿದವು, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2012ರಲ್ಲಿ ಆ ತಡೆಯನ್ನು ಎತ್ತಿಹಿಡಿಯಿತು. ಎಲ್ಲ ಕರಿಯರೂ ಈ ಹೋಲಿಕೆಯನ್ನು ತಿರಸ್ಕರಿಸಿದ್ದಾರೆ ಎಂದರೆ ಸುಳ್ಳಾಗುತ್ತದೆ. ಗುಲಾಮಗಿರಿ ಮತ್ತು ಪ್ರಾಣಿಹಿಂಸೆಯನ್ನು ಹೋಲಿಸಿದ ಮಾರ್ಜರಿ ಸ್ಪೀಗೆಲ್ ಅವರ 1988ರ ಪುಸ್ತಕಕ್ಕೆ ಮುನ್ನುಡಿ ಬರೆದವರು ಕಾದಂಬರಿಕಾರ್ತಿ ಆಲಿಸ್ ವಾಕರ್. ತನ್ನ ಅಜ್ಜ ಅಜ್ಜಿಯರ ನೋವಿನ ಬಗ್ಗೆ ಹೋಲಿಕೆ ಮಾಡುವ ಅಧಿಕಾರ ವಾಕರ್ ಅವರಿಗಿದೆ. ಜಾಹೀರಾತು ಕಂಪನಿಗಿಲ್ಲ.

ಸರದಿಯ ಕಥೆಯ ಬುಡದಲ್ಲಿರುವುದು ಒಂದು ಚಿತ್ರ: ವೃತ್ತ ತಾನಾಗಿ ಹಿಗ್ಗುತ್ತದೆ, ಒಳಗಿರುವವರು ಕರುಣೆಯಿಂದ ಹೊರಗಿನವರನ್ನು ಒಳಗೆ ಕರೆದುಕೊಳ್ಳುತ್ತಾರೆ. 1787ರಲ್ಲಿ ಜೊಸಾಯಾ ವೆಜ್‌ವುಡ್ ಅಚ್ಚು ಹಾಕಿಸಿದ ಪದಕದಲ್ಲೂ ಇದೇ ಚಿತ್ರ. ಸಂಕೋಲೆ ತೊಟ್ಟ ಕರಿಯನೊಬ್ಬ ಮಂಡಿಯೂರಿ ಬೇಡುತ್ತಿದ್ದಾನೆ. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಹೈಟಿಯ ಗುಲಾಮರು ಮಂಡಿಯೆತ್ತಿ ನಿಂತರು, ತೋಟಗಳಿಗೆ ಬೆಂಕಿಯಿಟ್ಟರು, 1804ರಲ್ಲಿ ತಮ್ಮದೇ ದೇಶ ಕಟ್ಟಿದರು. ಯಾರ ವೃತ್ತವೂ ಅವರಿಗಾಗಿ ಹಿಗ್ಗಲಿಲ್ಲ.

ಅಮೆರಿಕದಲ್ಲಿ ಚಿಂಪಾಂಜಿ, ಆನೆಗಳ ಪರವಾಗಿ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹಾಕಿದ ವಕೀಲ ಸ್ಟೀವನ್ ವೈಸ್ ಅವರಿಗೆ 1772ರ ಸೋಮರ್‌ಸೆಟ್ ಪ್ರಕರಣವೇ ಮಾದರಿ. ಅದರ ಮೇಲೆ ಅವರೊಂದು ಪುಸ್ತಕವನ್ನೇ ಬರೆದರು. ಬಾಸ್ಟನ್ನಿನಿಂದ ಲಂಡನ್ನಿಗೆ ಯಜಮಾನನ ಜೊತೆ ಬಂದ ಜೇಮ್ಸ್ ಸೋಮರ್‌ಸೆಟ್‌ನನ್ನು ಬಲವಂತವಾಗಿ ದೇಶದಿಂದ ಹೊರಗೆ ಸಾಗಿಸುವಂತಿಲ್ಲ ಎಂದು ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟ ಪ್ರಕರಣ ಅದು. ವೈಸ್ ಅದರಲ್ಲಿ ಕಂಡದ್ದು ವಕೀಲರನ್ನು ಮತ್ತು ನ್ಯಾಯಾಧೀಶರನ್ನು. ಸೋಮರ್‌ಸೆಟ್‌ನನ್ನು ನೋಡಿದರೆ ಕಥೆ ಬೇರೆ. ಅವನು ತಾನೇ ಯಜಮಾನನನ್ನು ಬಿಟ್ಟು ಹೋದವನು. ಹಿಡಿದು ಹಡಗಿಗೆ ಹಾಕಿದಾಗ ಅವನ ಪರ ನ್ಯಾಯಾಲಯಕ್ಕೆ ಓಡಿದವರು ಅವನಿಗೆ ದೀಕ್ಷಾಸ್ನಾನ ಕೊಡಿಸಿದ್ದ ಧರ್ಮಪಿತೃಗಳು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರ್ಯಾನ್‌ವಿಲ್ ಶಾರ್ಪ್ ಮನೆಯ ಬಾಗಿಲು ತಟ್ಟಿ ಸಹಾಯ ಕೇಳಿದವನು ಅವನೇ. ತೀರ್ಪು ಬಂದ ಕೆಲವು ವಾರಗಳಲ್ಲೇ ಡಬ್ಲಿನ್ ಎಂಬ ಇನ್ನೊಬ್ಬ ಕರಿಯ ಸೇವಕ ತನ್ನ ಧಣಿಯ ಮನೆಯಿಂದ ಮಾಯವಾದ. ಮಾವ ಸೋಮರ್‌ಸೆಟ್ ಕಾಗದ ಬರೆದಿದ್ದಾನೆ, ನಮಗೆಲ್ಲ ಬಿಡುಗಡೆಯಾಗಿದೆಯಂತೆ ಎಂದು ಅವನು ಹೇಳಿ ಹೋದನೆಂದು ಧಣಿ ದೂರಿದ ಪತ್ರ ಉಳಿದಿದೆ. ತೀರ್ಪು ಅಷ್ಟು ವಿಶಾಲವಾಗಿರಲಿಲ್ಲ. ಸೋಮರ್‌ಸೆಟ್ ಅದನ್ನು ತನಗೆ ಬೇಕಾದ ಹಾಗೆ ಓದಿಕೊಂಡ, ಇನ್ನೊಬ್ಬನಿಗೂ ಓದಿ ಹೇಳಿದ. ಹಕ್ಕಿನ ಹೋರಾಟ ಎಂದರೆ ಇದು.

ಟಿಲಿಕಮ್ ಅಂಥ ಕಾಗದ ಬರೆಯಲಾರದು ಎಂಬುದು ಟಿಲಿಕಮ್‌ನ ತಪ್ಪಲ್ಲ. ಅದರ ಹೆಸರಿನಲ್ಲಿ ಬರೆಯುವವನು ಯಾರಿಗೆ ಉತ್ತರ ಕೊಡಬೇಕು ಎಂಬುದು ಪ್ರಶ್ನೆ. ಬಿಳಿಯ ಸುಧಾರಕ ಗ್ಯಾರಿಸನ್ ತನ್ನನ್ನು ವೇದಿಕೆಯ ಮೇಲೆ ಸಾಕ್ಷಿಯಾಗಿ ನಿಲ್ಲಿಸಿದರೆ ಸಾಲದೆಂದು ಡಗ್ಲಸ್ 1847ರಲ್ಲಿ ತಮ್ಮದೇ ಪತ್ರಿಕೆ ಹೊರಡಿಸಿದರು, ಮುಂದೆ ಸಂವಿಧಾನದ ವ್ಯಾಖ್ಯಾನದ ಮೇಲೆ ಗ್ಯಾರಿಸನ್ನಿಂದ ಬೇರೆಯೇ ಆದರು. 1931ರ ದುಂಡುಮೇಜಿನ ಸಭೆಯಲ್ಲಿ ಅಸ್ಪೃಶ್ಯರ ಪ್ರತಿನಿಧಿ ತಾನೇ ಎಂದ ಗಾಂಧೀಜಿಗೆ ಅಂಬೇಡ್ಕರ್ ಮುಖಕ್ಕೆ ಮುಖ ಕೊಟ್ಟು ಅಲ್ಲವೆಂದರು. ಪ್ರತಿನಿಧಿಯನ್ನು ವಜಾ ಮಾಡುವ ಶಕ್ತಿ ಇದ್ದಾಗಲೇ ಪ್ರಾತಿನಿಧ್ಯಕ್ಕೆ ಬೆಲೆ. ಹಸು ತನ್ನ ಪ್ರತಿನಿಧಿಯನ್ನು ವಜಾ ಮಾಡಲಾರದು. ‘ಗೋವಿನ ಹಾಡು’ ಕೇಳುತ್ತ ಬೆಳೆದ ಕನ್ನಡಿಗರಿಗೆ ಹಸುವಿನ ಬಾಯಲ್ಲಿ ಮಾತು ಬಂದರೆ ಅಚ್ಚರಿಯಿಲ್ಲ. ಕಥೆಯಲ್ಲಿ ಅದು ಸರಿ. ಕಾನೂನಿನಲ್ಲಿ, ಬೀದಿಯಲ್ಲಿ ಹಸು ಮಾತನಾಡತೊಡಗಿದರೆ ಆ ದನಿ ಯಾರದೆಂದು ಕೇಳಲೇಬೇಕು.

2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಆ ದನಿ ಯಾರದೆಂದು ಗೊತ್ತಾಯಿತು. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಗೋರಕ್ಷಕರೆಂದು ಹೇಳಿಕೊಂಡವರು ಕಾರಿಗೆ ಕಟ್ಟಿ, ಊರು ನೋಡುವಂತೆ ಬಡಿದರು. ದಲಿತರು ಕೊಟ್ಟ ಉತ್ತರದಲ್ಲಿ ಹೋರಾಟದ ವ್ಯಾಕರಣವೆಲ್ಲ ಇತ್ತು. ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ಜಿಲ್ಲಾಧಿಕಾರಿ ಕಚೇರಿ ಎದುರು ತಂದು ಸುರಿದರು. ನಿಮ್ಮ ತಾಯಿ, ನೀವೇ ನೋಡಿಕೊಳ್ಳಿ ಎಂಬರ್ಥದಲ್ಲಿ. ಇನ್ನು ಈ ಕೆಲಸ ಮಾಡುವುದಿಲ್ಲವೆಂದು ಸಾವಿರಾರು ಮಂದಿ ಪಣ ತೊಟ್ಟರು. ಅಹಮದಾಬಾದಿನಿಂದ ಹೊರಟ ಜಾಥಾ ಆ ವರ್ಷದ ಸ್ವಾತಂತ್ರ್ಯ ದಿನದಂದು ಊನಾ ಮುಟ್ಟಿತು. ಗೋರಕ್ಷಣೆಯೇ ಬೇರೆ, ಪೆಟಾ ಮಾದರಿಯ ಪ್ರಾಣಿಹಕ್ಕೇ ಬೇರೆ ಎಂದು ಯಾರಾದರೂ ಹೇಳಬಹುದು. ಉದ್ದೇಶ ಬೇರೆ ಇದ್ದೀತು. ಇಬ್ಬರ ಕೈಯಲ್ಲಿರುವ ವಕಾಲತ್ತಿಗೂ ಕಕ್ಷಿದಾರನ ಸಹಿ ಇಲ್ಲ, ಇಬ್ಬರನ್ನೂ ಕಕ್ಷಿದಾರ ಪ್ರಶ್ನಿಸಲಾರ.

ಓರ್ಕಾ ತರಬೇತುದಾರರನ್ನು ಕೊಲ್ಲುತ್ತದೆ, ಆನೆ ಸರಪಳಿ ಹರಿದು ಓಡುತ್ತದೆ, ಇದೂ ಪ್ರತಿಭಟನೆಯೇ ಎಂಬ ಮಾತಿದೆ. ಹೌದು, ಅದು ನೋವಿನ, ಭಯದ, ಸಿಟ್ಟಿನ ಸಾಕ್ಷಿ. ಅದನ್ನು ಯಾರೂ ತಳ್ಳಿಹಾಕಬಾರದು. ಆದರೆ ಸಾಕ್ಷಿ ಬೇರೆ, ವಕಾಲತ್ತು ಬೇರೆ.

ಹೆಚ್ಚು ತೂಕದ ಆಕ್ಷೇಪಣೆ ಇನ್ನೊಂದಿದೆ. ಎಳೆಗೂಸೂ ಮಾತನಾಡುವುದಿಲ್ಲ, ತೀವ್ರ ಬುದ್ಧಿಮಾಂದ್ಯರೂ ವಾದಿಸುವುದಿಲ್ಲ; ಅವರಿಗೆ ಹಕ್ಕಿದೆಯಲ್ಲ? ಸಿಂಗರ್ ವಾದದ ಬಲಗಂಬ ಇದು. ಮೊದಲನೆಯದಾಗಿ, ಮಗು ಬೆಳೆಯುತ್ತದೆ. ಬೆಳೆದು ತನ್ನನ್ನು ಸಾಕಿದವರ ಲೆಕ್ಕ ಕೇಳುತ್ತದೆ. ಇನ್ನು ಅಂಗವಿಕಲರ ಮಾತು. ಈ ತೂಗಾಟದಲ್ಲಿ ತಮ್ಮನ್ನು ತಕ್ಕಡಿಯ ಬಟ್ಟಾಗಿ ಬಳಸಿದ್ದಕ್ಕೆ ಅತಿ ಹೆಚ್ಚು ಕೆರಳಿದವರು ಅವರೇ. ತೀವ್ರ ಅಂಗವೈಕಲ್ಯದ ಶಿಶುಗಳನ್ನು ಸಾಯಗೊಡುವ ಆಯ್ಕೆ ತಂದೆತಾಯಿಗಿರಬೇಕು ಎಂಬ ಸಿಂಗರ್ ನಿಲುವಿನ ವಿರುದ್ಧ 1999ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎದುರು ಗಾಲಿಕುರ್ಚಿಗಳು ಸಾಲುಗಟ್ಟಿದವು. 2002ರಲ್ಲಿ ವಕೀಲೆ ಹ್ಯಾರಿಯೆಟ್ ಮ್ಯಾಕ್‌ಬ್ರೈಡ್ ಜಾನ್ಸನ್ ತಮ್ಮ ಗಾಲಿಕುರ್ಚಿಯಲ್ಲಿ ಅಲ್ಲಿಗೇ ಹೋಗಿ ಸಿಂಗರ್ ಜೊತೆ ವಾದಕ್ಕೆ ಕೂತರು. ಜಾನ್ಸನ್ ಹುಟ್ಟಿದಾಗಲೇ ಸಾಯಬಹುದಿತ್ತು ಎನ್ನುವ ತತ್ವಜ್ಞಾನಿಗೆ ಎದುರಾಗಿ ತನ್ನ ಬದುಕು ಎಷ್ಟು ಚೆನ್ನಾಗಿದೆ ಎಂದು ಅವರು ಹೇಳಿದರು. ತಮ್ಮನ್ನು ಬಿಟ್ಟು ತಮ್ಮ ಬಗ್ಗೆ ಯಾವ ತೀರ್ಮಾನವೂ ಬೇಡ ಎಂಬುದು ಅಂಗವಿಕಲರ ಚಳವಳಿಯ ಘೋಷಣೆ. ಮಾತಿಲ್ಲದವರೆಂದು ತತ್ವಶಾಸ್ತ್ರ ಪಟ್ಟಿ ಮಾಡಿದವರಲ್ಲಿ ಎಷ್ಟೋ ಮಂದಿಗೆ ಮಾತಿತ್ತು, ಕೇಳುವವರಿರಲಿಲ್ಲ. ಇದನ್ನೂ ಹೇಳಬೇಕು: ಅಂಗವಿಕಲೆಯೂ ಪ್ರಾಣಿಪರ ಹೋರಾಟಗಾರ್ತಿಯೂ ಆದ ಸುನೌರಾ ಟೇಲರ್ ಎರಡನ್ನೂ ಒಟ್ಟಿಗೆ ಹಿಡಿದು 2017ರಲ್ಲಿ ಪುಸ್ತಕ ಬರೆದಿದ್ದಾರೆ. ಅವರ ವಾದ ಸಿಂಗರ್ ವಾದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ತೂಗಾಟವಿಲ್ಲ.

ಹಾಗಾದರೆ ಪ್ರಾಣಿಗಳ ಪರವಾದ ಕೆಲಸದ ವಂಶಾವಳಿ ಯಾವುದು? ಕನ್ನಡದಲ್ಲೇ ಹುಡುಕಿದರೆ ಜನ್ನನ ‘ಯಶೋಧರ ಚರಿತೆ’ ಸಿಗುತ್ತದೆ. ಅಲ್ಲಿ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿ. ಯಾವ ಜೀವದ ಹಕ್ಕೂ ಅಲ್ಲಿ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪವೇ ಯಶೋಧರನನ್ನೂ ಅವನ ತಾಯಿಯನ್ನೂ ಜನ್ಮಜನ್ಮಾಂತರ ಅಲೆಸಿತು. ಇದು ಕೊಲ್ಲುವವನ ಮೇಲೆ ಕಟ್ಟಳೆ ಹಾಕುವ ನೀತಿ; ಕೋಳಿ ವಾದ ಹೂಡಲಿ ಎಂದು ಅದು ಕಾಯುವುದಿಲ್ಲ. ಪಶ್ಚಿಮದಲ್ಲೂ ಪ್ರಾಣಿಗಳಿಗೆ ಉಪಕಾರವಾದದ್ದು ಈ ದಾರಿಯಿಂದಲೇ. ಪ್ರಶ್ನೆ ಅವು ಯೋಚಿಸಬಲ್ಲವೇ ಎಂಬುದಲ್ಲ, ನೋಯಬಲ್ಲವೇ ಎಂಬುದು ಎಂದ ಜೆರೆಮಿ ಬೆಂಥಾಮ್ ಪ್ರಾಣಿಹಕ್ಕಿನವರ ಪೂರ್ವಜ. ಅದೇ ಅಡಿಟಿಪ್ಪಣಿಯಲ್ಲಿ ಬೆಂಥಾಮ್ ಪ್ರಾಣಿಗಳನ್ನು ತಿನ್ನುವುದರಲ್ಲಿ ತಪ್ಪಿಲ್ಲ, ಹಿಂಸಿಸುವುದಷ್ಟೇ ತಪ್ಪು ಎಂದೂ ಬರೆದಿದ್ದಾನೆ. ಆ ಸಾಲುಗಳನ್ನು ಭಿತ್ತಿಪತ್ರಗಳು ಅಚ್ಚು ಹಾಕುವುದಿಲ್ಲ.

ನ್ಯಾಯಾಲಯಗಳ ದಾಖಲೆಯೂ ಇದನ್ನೇ ಹೇಳುತ್ತದೆ. ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಆನೆಗಾಗಿ ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿ 2022ರ ಜೂನ್‌ನಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಐದಕ್ಕೆ ಎರಡರಿಂದ ಸೋತಿತು. ಭಿನ್ನಮತ ಬರೆದ ರೋವನ್ ವಿಲ್ಸನ್ ಗುಲಾಮರ, ಹೆಂಗಸರ ಪ್ರಕರಣಗಳನ್ನು ವಿಸ್ತಾರವಾಗಿ ನೆನೆದರು, ಆನೆ ಮೃಗಾಲಯದಲ್ಲೇ ಉಳಿಯಿತು. ಭಾರತದಲ್ಲಿ ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪು ಪ್ರಾಣಿಗಳಿಗೂ ಸಂವಿಧಾನದ ನೆರಳು ಚಾಚಿತೆಂದು ಸಂಭ್ರಮಿಸಿದವರು ಬಹಳ. 2023ರ ಮೇನಲ್ಲಿ ಐವರ ಸಂವಿಧಾನ ಪೀಠ ಪ್ರಾಣಿಗಳಿಗೆ ಮೂಲಭೂತ ಹಕ್ಕು ಇದೆಯೆನ್ನಲು ಪೂರ್ವನಿದರ್ಶನವಿಲ್ಲ ಎಂದಿತು. ಜಲ್ಲಿಕಟ್ಟು, ಎತ್ತಿನಗಾಡಿ ಓಟ, ಕಂಬಳಗಳಿಗೆ ರಾಜ್ಯಗಳು ಮಾಡಿಕೊಂಡ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅತ್ತ ಸೀವರ್ಲ್ಡ್ ಓರ್ಕಾ ತಳಿವೃದ್ಧಿಯನ್ನು ನಿಲ್ಲಿಸುವುದಾಗಿ 2016ರಲ್ಲಿ ಘೋಷಿಸಿತು. 13ನೇ ತಿದ್ದುಪಡಿಯ ದಾವೆಯಿಂದ ಅದು ಆಗಲಿಲ್ಲ. ‘ಬ್ಲ್ಯಾಕ್‌ಫಿಶ್’ ಎಂಬ 2013ರ ಸಾಕ್ಷ್ಯಚಿತ್ರ ನೋಡಿ ಜನ ಟಿಕೆಟ್ ಕೊಳ್ಳುವುದನ್ನು ಬಿಟ್ಟಿದ್ದರಿಂದ ಆಯಿತು.

ಜಗತ್ತಿನಲ್ಲಿ ಪ್ರತಿವರ್ಷ ಮಾಂಸಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳ ಸಂಖ್ಯೆ 8,000 ಕೋಟಿಯ ಆಸುಪಾಸು, ಬಹುಪಾಲು ಕೋಳಿ. ಇವುಗಳ ಹಕ್ಕಿನ ತತ್ವಶಾಸ್ತ್ರ ಮುಗಿಯುವವರೆಗೆ ಮೊಟ್ಟೆಕೋಳಿ ಒಂದು ಎ4 ಹಾಳೆಗಿಂತ ಚಿಕ್ಕ ಜಾಗದಲ್ಲಿ ರೆಕ್ಕೆ ಬಿಚ್ಚದೆ ನಿಂತಿರಬೇಕೇ? ಯುರೋಪು ಅಂಥ ಬರಿಯ ಪಂಜರಗಳನ್ನು 2012ರಿಂದ ನಿಷೇಧಿಸಿತು. ಕೋಳಿಯನ್ನು ವ್ಯಕ್ತಿಯೆಂದು ಘೋಷಿಸಿ ಅಲ್ಲ, ಸಾಕುವವನಿಗೆ ಅಳತೆ ಕೊಟ್ಟು. ಭಾರತದ ಕಾನೂನು ಆಯೋಗ 2017ರ ತನ್ನ 269ನೇ ವರದಿಯಲ್ಲಿ ಕೋಳಿಗಳ ವಸತಿ, ಸಾಗಾಟದ ಬಗ್ಗೆ ಇಂಥದೇ ಶಿಫಾರಸು ಮಾಡಿದೆ.

ಈ ನೆಲದ ಕಾನೂನಿನಲ್ಲಿ ಪ್ರಾಣಿಯ ನೋವಿಗೆ ಏನು ಬೆಲೆ ಎಂದು ನೋಡಬೇಕಾದರೆ ಎರಡು ಕಾಯಿದೆಗಳನ್ನು ಪಕ್ಕಪಕ್ಕ ಇಡಬೇಕು. ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರ ಫಲವಾಗಿ ಬಂದ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಎತ್ತನ್ನು ಬಡಿದರೆ, ಮಿತಿಮೀರಿ ಹೇರು ಹೇರಿದರೆ, ನಾಯಿಯನ್ನು ಹಸಿವಿಗೆ ಕೆಡವಿದರೆ ಮೊದಲ ಅಪರಾಧಕ್ಕೆ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯಿದೆಯ ಪ್ರಕಾರ ಹಸುವನ್ನು ಕೊಂದರೆ ಮೂರರಿಂದ ಏಳು ವರ್ಷ ಜೈಲು, ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡ. ಬದುಕಿರುವ ಹಸುವನ್ನು ಹೊಡೆದು ಹಾಸಿಗೆ ಹಿಡಿಸಿದವನು ಮೊದಲನೆಯ ಕಾಯಿದೆಯಡಿ ಐವತ್ತು ರೂಪಾಯಿ ಕೊಟ್ಟು ಮನೆಗೆ ಹೋಗಬಹುದು. ನೋವಿನ ಲೆಕ್ಕ ಇದರಲ್ಲಿ ಎಲ್ಲಿದೆ?

ಈ ದಂಡವನ್ನು ಏರಿಸುವ ಕರಡು ತಿದ್ದುಪಡಿಯನ್ನು ಕೇಂದ್ರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತು. ದೆಹಲಿಯನ್ನು ಕಾಯುವ ಅಗತ್ಯವೂ ಕರ್ನಾಟಕಕ್ಕಿಲ್ಲ. ಪ್ರಾಣಿಹಿಂಸೆ ತಡೆ ಸಮವರ್ತಿ ಪಟ್ಟಿಯ ವಿಷಯ. ಕಂಬಳ ಉಳಿಸಲು ಇದೇ 1960ರ ಕಾಯಿದೆಗೆ ವಿಧಾನಮಂಡಲ 2017ರಲ್ಲಿ ತಿದ್ದುಪಡಿ ತಂದು ರಾಷ್ಟ್ರಪತಿಗಳ ಅಂಕಿತವನ್ನೂ ಪಡೆಯಿತು. ಕೋಣಗಳ ಓಟಕ್ಕಾಗಿ ಪಕ್ಷಭೇದ ಮರೆತು ಒಂದಾದ ಶಾಸಕರನ್ನು ಆ ಐವತ್ತು ರೂಪಾಯಿಯ ಬಗ್ಗೆಯೂ ಒಮ್ಮೆ ಒಂದಾಗಿ ಎಂದು ಅವರವರ ಕ್ಷೇತ್ರದ ಮತದಾರರು ಕೇಳಬೇಕು.